ಬೆಳ್ಳಿತೆರೆಯ ಬೆಂಗಳೂರು: ಮೆಜೆಸ್ಟಿಕ್ಕಿನಿಂದ ಕುಕ್ ಟೌನಿಗೆ ಎಷ್ಟು ದೂರ?

ಕನ್ನಡ ಚಲನಚಿತ್ರಗಳಲ್ಲಿ ಬೆಂಗಳೂರು ಮೊದಲ ಬಾರಿಗೆ ತೆರೆಯ ಮೇಲೆ ಮೂಡುವ ಬಗೆಯನ್ನು ನಮ್ಮ ಓದುಗರು ಗಮನಿಸಿರಬಹುದು. ದೂರದ ಊರಿನ ಬಸ್ಸೊಂದು ಮೆಜೆಸ್ಟಿಕ್ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಯುವಕನೊಬ್ಬ ಇಳಿದು ಕಟ್ಟಡಗಳತ್ತ ಕತ್ತೆತ್ತಿ ನೋಡುತ್ತಾನೆ. ಆಟೋದವನೊಬ್ಬ ಅವನನ್ನು ಗದರಿಸುತ್ತಾನೆ, ಮತ್ತೊಬ್ಬ ಅವನ ಜೇಬಿಗೆ ಕೈಹಾಕುತ್ತಾನೆ. ಮರುಕ್ಷಣವೇ ವಿಧಾನಸೌಧ ಕಾಣಿಸುತ್ತದೆ. ರಾಜಧಾನಿಗೆ ಬಂದಾಯಿತೆಂದು ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಮುಂದೆ ಆ ಯುವಕ ರೌಡಿಯಾಗಬಹುದು, ಪೊಲೀಸನಾಗಬಹುದು, ಪ್ರೀತಿಯಲ್ಲಿ ಸೋತು ಮರಳಿ ಊರಿನ ಬಸ್ಸು ಹತ್ತಬಹುದು. ಆದರೆ ಅವನು ಇಲ್ಲಿ ಒಂದು ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ನೆರೆಯವರ ಮದುವೆ ಮಣ್ಣುಗಳಿಗೆ ಹೋಗಿ ಬಂದು ಮೂವತ್ತು ವರ್ಷ ಬಾಳಿದನೆಂಬ ಕತೆಯನ್ನು ನಮ್ಮ ಚಿತ್ರಗಳು ಹೇಳುವುದು ಅಪರೂಪ.

ಇದಕ್ಕೆ ಒಂದು ಸರಳ ಕಾರಣವಿದೆ ಎಂದು ನನಗೆ ತೋರುತ್ತದೆ. ಕನ್ನಡ ಚಿತ್ರೋದ್ಯಮದ ಕಚೇರಿಗಳು ಬಹುಕಾಲದಿಂದ ಇರುವುದು ಗಾಂಧಿನಗರದಲ್ಲಿ. ನಿರ್ಮಾಪಕರ ಕಚೇರಿಯ ಮೆಟ್ಟಿಲಿಳಿದರೆ ಎದುರಾಗುವುದು ಬಸ್ ನಿಲ್ದಾಣ, ಪಕ್ಕದಲ್ಲಿ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಸಾಲು. ಕತೆ ಬರೆಯುವವನಿಗೂ ಕ್ಯಾಮೆರಾ ಹಿಡಿಯುವವನಿಗೂ ಅದೇ ಊರಿನ ಹೆಬ್ಬಾಗಿಲು. ಅವರಲ್ಲಿ ಎಷ್ಟೋ ಮಂದಿ ಸ್ವತಃ ಆ ಹೆಬ್ಬಾಗಿಲಿನಿಂದಲೇ ಒಳಬಂದವರು. ತಾವು ಮೊದಲ ದಿನ ಕಂಡ ಬೆಂಗಳೂರನ್ನೇ ಅವರು ಮತ್ತೆ ಮತ್ತೆ ತೋರಿಸುತ್ತಾ ಬಂದರು. ಮೆಜೆಸ್ಟಿಕ್ಕಿನಿಂದ ನಮ್ಮ ಕುಕ್ ಟೌನಿಗೆ ಹತ್ತು ಕಿಲೋಮೀಟರುಗಳೂ ಇಲ್ಲ. ಆದರೂ ಕನ್ನಡ ಚಿತ್ರರಂಗಕ್ಕೆ ಆ ದೂರ ಕ್ರಮಿಸಲು ಇನ್ನೂ ಸಾಧ್ಯವಾಗಿಲ್ಲ.

ಇದಕ್ಕೆ ಇತಿಹಾಸವೂ ಸ್ವಲ್ಪ ಹೊಣೆ. 1809ರಲ್ಲಿ ನೆಲೆಗೊಂಡ ಕಂಟೋನ್ಮೆಂಟು, 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಯ ಬೆಂಗಳೂರಿಗೂ ದಂಡಿನ ಬೆಂಗಳೂರಿಗೂ ಪ್ರತ್ಯೇಕ ಪುರಸಭೆಗಳಿದ್ದವು. ಅವೆರಡೂ ಒಂದಾದದ್ದು 1949ರಲ್ಲಿ. ಪ್ಲೇಗಿನ ನಂತರ ಹುಟ್ಟಿದ ಫ್ರೇಜರ್ ಟೌನ್, ಅದರ ಮಗ್ಗುಲಲ್ಲಿ ಬೆಳೆದ ಕುಕ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್‌ಗಳಲ್ಲಿ ತಮಿಳು ಮಾತನಾಡುವವರು, ಆಂಗ್ಲೋ ಇಂಡಿಯನ್ನರು, ಕೊಂಕಣಿಗರು, ಮಲಯಾಳಿಗಳು, ಉರ್ದು ಮನೆಮಾತಿನವರು, ದೇಶವಿಭಜನೆಯ ಬಳಿಕ ಬಂದ ಸಿಂಧಿಗಳು ಕನ್ನಡಿಗರೊಡನೆ ಒಂದೇ ಬೀದಿಯಲ್ಲಿ ಬಾಳಿದರು. ಇಲ್ಲಿನ ಚಿತ್ರಮಂದಿರಗಳಲ್ಲಿ ಇಂಗ್ಲಿಷ್, ತಮಿಳು, ಹಿಂದಿ ಚಿತ್ರಗಳೇ ಹೆಚ್ಚು ಓಡುತ್ತಿದ್ದವು. ಈ ಜನ ತನ್ನ ಪ್ರೇಕ್ಷಕರೆಂದು ಗಾಂಧಿನಗರ ಎಣಿಸಲಿಲ್ಲ. ಪ್ರೇಕ್ಷಕರೆಂದು ಎಣಿಸದವರನ್ನು ಪಾತ್ರಗಳನ್ನಾಗಿ ಮಾಡುವುದಾದರೂ ಹೇಗೆ?

ಹಾಗೆಂದು ಕಂಟೋನ್ಮೆಂಟು ತೆರೆಗೆ ಬಂದೇ ಇಲ್ಲವೆನ್ನಲಾಗದು. ಬಂದಾಗಲೆಲ್ಲ ಅದು ವೇಷ ಹಾಕಿಕೊಂಡು ಬಂದಿದೆ. ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದಲ್ಲಿ ಬೆಂಗಳೂರು ಉತ್ತರ ಭಾರತದ ಚಂದ್ರಾಪುರವಾಯಿತು. ಅರಮನೆಯ ಆವರಣದಲ್ಲಿ ಬಜಾರಿನ ಸೆಟ್ ಎದ್ದಿತು, ಕತೆಯ ಗುಹೆಗಳಿಗೆ ಸಾವನದುರ್ಗ ಮತ್ತು ರಾಮನಗರದ ಬಂಡೆಗಳು ಒದಗಿದವು. ನಮ್ಮ ಚಿತ್ರಗಳಲ್ಲಿಯೂ ಅಷ್ಟೆ. ಮಂಕಿ ಟಾಪ್ ಕಿಟಕಿಗಳ ಹಳೆಯ ಬಂಗಲೆ ಕಂಡರೆ ಅದು ಖಳನಾಯಕನ ಮನೆ ಅಥವಾ ದೆವ್ವದ ಮನೆ. ಬ್ರಿಗೇಡ್ ರಸ್ತೆ ಕಂಡರೆ ನಾಯಕಿ ಹಾಳಾಗುತ್ತಿದ್ದಾಳೆಂದು ಅರ್ಥ. ಬಾರಿನಲ್ಲಿ ಕುಣಿಯುವವಳಿಗೆ ರೋಸಿ, ಲಿಲ್ಲಿ ಎಂಬ ಹೆಸರು. ಖಳನಾಯಕನ ಬಂಟನ ಕೊರಳಲ್ಲಿ ದೊಡ್ಡದೊಂದು ಶಿಲುಬೆ. ಇನ್ನು ಬಿಳಿಯ ನಿಲುವಂಗಿಯ ಗುರುಗಳ ಪಾಡು ಕೇಳುವುದೇ ಬೇಡ. ಪಾಪನಿವೇದನೆ ಕೇಳಿಸಿಕೊಂಡ ಸಿನಿಮಾ ಪಾದ್ರಿಗೆ ಮುಂದಿನ ದೃಶ್ಯದಲ್ಲಿ ಗುಂಡೇಟು ಬೀಳುವುದು ಬಹುಮಟ್ಟಿಗೆ ಖಚಿತ!

ಇದಕ್ಕೆ ಅಪವಾದಗಳಿವೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದ ಮಾರ್ಗರೆಟ್ ಕ್ರೈಸ್ತಳೆಂಬ ಕಾರಣಕ್ಕೆ ಮೇಷ್ಟ್ರ ಕಣ್ಣಿಗೆ ಸಲ್ಲದವಳಾದರೂ ಆಕೆಗೆ ಒಂದು ಮನಸ್ಸಿತ್ತು, ಹಟವಿತ್ತು, ಪ್ರೀತಿಸುವ ಶಕ್ತಿಯಿತ್ತು. ಆದರೆ ಆಕೆ ಚಿತ್ರದುರ್ಗದವಳು. ಬೆಂಗಳೂರಿನ ಮಾರ್ಗರೆಟ್ ಇನ್ನೂ ತೆರೆಯ ಮೇಲೆ ಹುಟ್ಟಬೇಕಾಗಿದೆ.

ಈ ಮಾತು ಹೇಳುವಾಗ ನನಗೆ ನೆನಪಾಗುವುದು ಸತ್ಯಜಿತ್ ರಾಯ್ ಅವರ 'ಮಹಾನಗರ' (1963). ಕೊಲ್ಕತ್ತದ ಮಧ್ಯಮವರ್ಗದ ಸೊಸೆ ಆರತಿ ಮನೆಯ ಕಷ್ಟ ನೀಗಲು ಕೆಲಸಕ್ಕೆ ಸೇರುತ್ತಾಳೆ; ಮನೆಮನೆಗೆ ಹೋಗಿ ಹೆಣಿಗೆಯ ಯಂತ್ರ ಮಾರುತ್ತಾಳೆ. ಅಲ್ಲಿ ಆಕೆಗೆ ಎಡಿತ್ ಎಂಬ ಆಂಗ್ಲೋ ಇಂಡಿಯನ್ ಗೆಳತಿ ಸಿಗುತ್ತಾಳೆ. ಕಾಯಿಲೆ ಬಿದ್ದು ರಜೆ ಹಾಕಿದ ಎಡಿತಳ ನಡತೆಯ ಮೇಲೆ ಗೂಬೆ ಕೂರಿಸಿ ಮಾಲೀಕ ಅವಳನ್ನು ಕೆಲಸದಿಂದ ತೆಗೆದಾಗ, ಮನೆಗೆ ತನ್ನೊಬ್ಬಳ ಸಂಬಳವೇ ಗತಿಯಾಗಿದ್ದರೂ ಆರತಿ ರಾಜೀನಾಮೆ ಕೊಟ್ಟು ಹೊರಬರುತ್ತಾಳೆ. ರಾಯ್ ಎಡಿತಳನ್ನು ದೇವತೆಯಾಗಿಸಲಿಲ್ಲ. ಆಕೆ ಲಿಪ್‌ಸ್ಟಿಕ್ ಹಚ್ಚುತ್ತಾಳೆ, ಕಮಿಷನ್ನಿಗಾಗಿ ಮಾಲೀಕನೊಡನೆ ವಾದಿಸುತ್ತಾಳೆ. ಆಕೆ ಈ ನಗರದವಳು, ಆಕೆಗೆ ಆದ ಅನ್ಯಾಯ ನನಗೂ ಆದದ್ದು ಎಂದು ಆರತಿಗೆ ಅನಿಸುವಂತೆ ಮಾಡಿದರು, ಅಷ್ಟೆ. ಆ ಒಂದು ದೃಶ್ಯದಿಂದ 'ಮಹಾನಗರ' ಎಂಬ ಶೀರ್ಷಿಕೆಗೆ ಅರ್ಥ ಬಂದಿತು. ಅದೇ ನಗರದಲ್ಲಿ ಅಪರ್ಣಾ ಸೇನ್ 1981ರಲ್ಲಿ '36 ಚೌರಂಗಿ ಲೇನ್' ಮಾಡಿ, ವಯಸ್ಸಾದ ಆಂಗ್ಲೋ ಇಂಡಿಯನ್ ಶಿಕ್ಷಕಿಯ ಒಂಟಿತನವನ್ನು ತೋರಿಸಿದರು. ಬೆಂಗಳೂರಿನಲ್ಲಿ ಅಂಥ ಶಿಕ್ಷಕಿಯರಿಂದ ಓದು ಕಲಿತವರ ಸಂಖ್ಯೆ ಕಡಿಮೆಯೇ?

ಕನ್ನಡದ ನಗರ ಚಿತ್ರಗಳನ್ನು ಹೀಗೆ ದೂರಿ ಕೈತೊಳೆದುಕೊಳ್ಳುವುದು ಮಾತ್ರ ಅನ್ಯಾಯವಾದೀತು. ಒಂದು ವಿಷಯದಲ್ಲಿ ಅವು ಬಹಳ ಆಳಕ್ಕೆ ಇಳಿದಿವೆ. ಬೆಂಗಳೂರಿನಲ್ಲಿ ಮನುಷ್ಯ ಕಳೆದುಹೋಗುವುದು ಹೇಗೆ, ಹೆಸರಿಲ್ಲದವನಾಗಿ ಸಾಯುವುದು ಹೇಗೆ ಎಂಬುದನ್ನು ನಮ್ಮ ಉತ್ತಮ ನಿರ್ದೇಶಕರು ಚೆನ್ನಾಗಿ ಬಲ್ಲರು.

ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985) ಚಿತ್ರವನ್ನು ತೆಗೆದುಕೊಳ್ಳೋಣ. ರಾಜಕಾರಣಿಯೊಬ್ಬನ ಮಗ ಅಮಲಿನಲ್ಲಿ ಕಾರು ಓಡಿಸಿ, ಕಾಲುದಾರಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಸುತ್ತಾನೆ. ಮುಂದಿನದೆಲ್ಲ ಮುಚ್ಚಿಹಾಕುವ ಕತೆ: ತಂದೆಯ ಚುನಾವಣೆ, ಪೊಲೀಸರ ಮೇಲಿನ ಒತ್ತಡ, ಸತ್ಯದ ಬೆನ್ನು ಹತ್ತಿದ ಪತ್ರಕರ್ತ. ಚಿತ್ರದಲ್ಲಿ ಒಂದೂ ಹಾಡಿಲ್ಲ. ಆ ಕಾಲದ ಕನ್ನಡ ಚಿತ್ರವೊಂದು ಹಾಡಿಲ್ಲದೆ ನಿಲ್ಲುವುದೆಂದರೆ ಸಣ್ಣ ಧೈರ್ಯವೇನಲ್ಲ. ರಾತ್ರಿಯ ಬೆಂಗಳೂರು ಇಲ್ಲಿ ದೀಪಾಲಂಕಾರದ ನಗರಿಯಾಗಿ ಕಾಣಿಸದೆ, ಹಾಸಿಗೆ ಇಲ್ಲದವರು ಮಲಗುವ ಕೋಣೆಯಾಗಿ ಕಾಣಿಸುತ್ತದೆ. ಬದುಕಿ ಉಳಿದ ಒಬ್ಬನೇ ಕೂಲಿಕಾರನಾಗಿ ರಮೇಶ್ ಭಟ್ ಅವರ ಮುಖದಲ್ಲಿರುವ ದಿಗ್ಭ್ರಮೆಯನ್ನು ಒಮ್ಮೆ ಕಂಡವರು ಮರೆಯಲಾರರು. ಜೆರಿಕೋ ದಾರಿಯ ಸಾಮತಿಯನ್ನು ಪ್ರತಿವರ್ಷ ಕೇಳುವ ನಮಗೆ, ಗಾಯಗೊಂಡವನನ್ನು ದಾಟಿ ಹೋಗುವ ದೊಡ್ಡವರು ಅಪರಿಚಿತರಲ್ಲ. ಶಂಕರ್ ನಾಗ್ ಅವರನ್ನು ನಮ್ಮದೇ ರಸ್ತೆಯ ಮೇಲೆ ತಂದು ನಿಲ್ಲಿಸಿದರು. 1990ರಲ್ಲಿ ಅವರು ಸ್ವತಃ ರಸ್ತೆ ಅಪಘಾತವೊಂದರಲ್ಲಿ ತೀರಿಕೊಂಡಾಗ ಕನ್ನಡಕ್ಕಾದ ನಷ್ಟದಲ್ಲಿ, ಅವರು ಮಾಡದೆ ಉಳಿದ ಬೆಂಗಳೂರಿನ ಚಿತ್ರಗಳೂ ಸೇರಿವೆ.

ಇದಾದ ಎರಡು ವರ್ಷಕ್ಕೆ, ಅಂದರೆ 1987ರಲ್ಲಿ, ಸಿಂಗೀತಂ ಶ್ರೀನಿವಾಸರಾವ್ 'ಪುಷ್ಪಕ ವಿಮಾನ'ವನ್ನು ಮಾಡಿದರು. ಬೆಂಗಳೂರಿನ ಬಗೆಗಿನ ಅತ್ಯುತ್ತಮ ಚಿತ್ರ ಯಾವುದೆಂದು ನನ್ನನ್ನು ಕೇಳಿದರೆ ಈ ಮೂಕಿಚಿತ್ರದ ಹೆಸರನ್ನೇ ಹೇಳುತ್ತೇನೆ. ಕಮಲ್ ಹಾಸನ್ ಇಲ್ಲಿ ಕೆಲಸವಿಲ್ಲದ ಪದವೀಧರ; ಚಿತ್ರಮಂದಿರದ ಪಕ್ಕದ ಮುರುಕು ಕೋಣೆಯಲ್ಲಿ ವಾಸ. ಕುಡಿದು ಬಿದ್ದಿದ್ದ ಶ್ರೀಮಂತನೊಬ್ಬನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಬದಲು ತಾನು ಪಂಚತಾರಾ ಹೋಟೆಲಿನಲ್ಲಿ ಮೆರೆಯುತ್ತಾನೆ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ಮೊದಲ ರಾತ್ರಿ ಅವನಿಗೆ ನಿದ್ದೆಯೇ ಬಾರದು. ಅಲ್ಲಿನ ನಿಶ್ಶಬ್ದವೇ ಅವನಿಗೆ ಹಿಂಸೆ. ಆಮೇಲೆ ಅವನು ತನ್ನ ಹಳೆಯ ವಠಾರಕ್ಕೆ ಹೋಗಿ, ಪಕ್ಕದ ಚಿತ್ರಮಂದಿರದ ಹೊಡೆದಾಟದ ಸದ್ದನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಸುಖವಾಗಿ ಮಲಗುತ್ತಾನೆ. ನಗರದ ಬಡವನಿಗೆ ಅವನ ಗದ್ದಲವೇ ಜೋಗುಳ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರನ್ನು ನಾನು ಕಾಣೆ.

ಅದೇ ಚಿತ್ರದಲ್ಲಿ ಒಬ್ಬ ಭಿಕ್ಷುಕನಿದ್ದಾನೆ. ಅವನು ಸತ್ತಾಗ ಅವನು ಕೂತಿದ್ದ ಜಾಗದಲ್ಲಿ ನೋಟುಗಳ ಕಂತೆ ಸಿಗುತ್ತದೆ. ಜನ ಹಣಕ್ಕಾಗಿ ಮುಗಿಬೀಳುತ್ತಾರೆ, ಹೆಣದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಪ್ರೇಕ್ಷಕ ನಗುತ್ತಾನೆ, ನಕ್ಕಮೇಲೆ ಮುಜುಗರಪಡುತ್ತಾನೆ. ಕೊನೆಗೆ ಪ್ರಿಯತಮೆಯ ವಿಳಾಸ ಬರೆದ ಚೀಟಿ ಗಾಳಿಗೆ ಹಾರಿ ಚರಂಡಿಯ ಪಾಲಾಗುತ್ತದೆ. ನಾಯಕ ಮತ್ತೆ ಕೆಲಸ ಹುಡುಕುವವರ ಸಾಲಿನಲ್ಲಿ ನಿಲ್ಲುತ್ತಾನೆ.

ಈ ಚಿತ್ರದಲ್ಲಿ ಮಾತೇ ಇಲ್ಲದಿರುವುದನ್ನು ವಿಮರ್ಶಕರು ತಂತ್ರವೆಂದು ಹೊಗಳಿದ್ದಾರೆ. ಕಂಟೋನ್ಮೆಂಟಿನ ಕಡೆಯಿಂದ ನೋಡಿದರೆ ಅದಕ್ಕೆ ಇನ್ನೊಂದು ಬೆಲೆಯಿದೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಕಚೇರಿಯಲ್ಲಿ ಕನ್ನಡ, ಮಾಂಸದಂಗಡಿಯಲ್ಲಿ ಉರ್ದು ಆಡುವ ಊರಿನಲ್ಲಿ ಯಾವ ಭಾಷೆಯಲ್ಲಿ ಚಿತ್ರ ಮಾಡಿದರೂ ಅರ್ಧ ಊರು ಹೊರಗುಳಿಯುತ್ತದೆ. ಮಾತನ್ನೇ ತೆಗೆದುಹಾಕಿದ್ದರಿಂದ ಸಿಂಗೀತಂ ಎಲ್ಲರನ್ನೂ ಒಳಗೆ ಕರೆದುಕೊಂಡರು. ಭಾಷೆಯ ವಿಷಯವಾಗಿ ನಮ್ಮ ದೇವಾಲಯಗಳ ಅಂಗಳದಲ್ಲಿಯೇ ನಡೆದ ನೋವಿನ ಜಗಳಗಳನ್ನು ಬಲ್ಲ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೌನವೇ ಪರಿಹಾರವೆಂದು ನಾನು ಒಪ್ಪಲಾರೆ. ಕನ್ನಡದಲ್ಲಿಯೇ ಈ ಎಲ್ಲ ದನಿಗಳಿಗೂ ಎಡೆ ಕೊಡುವ ಚಿತ್ರ ಸಾಧ್ಯ. ಬೀದಿಯಲ್ಲಿ ದಿನವೂ ನಡೆಯುತ್ತಿರುವುದು ಅದೇ ತಾನೇ?

ಇನ್ನು ರೌಡಿಗಳ ಚಿತ್ರಗಳು. ಉಪೇಂದ್ರರ 'ಓಂ' (1995) ನಿಜವಾದ ಭೂಗತ ವ್ಯಕ್ತಿಗಳನ್ನೇ ತೆರೆಗೆ ತಂದು ಹೊಸ ದಾರಿ ಹಾಕಿತು. ಆ ದಾರಿಯಲ್ಲಿ ನಡೆದವರ ಲೆಕ್ಕವಿಲ್ಲ. ಅವುಗಳಲ್ಲಿ 'ಆ ದಿನಗಳು' (2007) ಒಂದನ್ನು ಮೆಚ್ಚಬಹುದು, ಏಕೆಂದರೆ ಅದಕ್ಕೆ ಹಿಂಸೆಯ ಹಿಂದಿನ ಭಯ ತಿಳಿದಿತ್ತು. ಉಳಿದವು ಮಚ್ಚಿನ ಹೊಳಪಿಗೇ ಮರುಳಾದವು. ನಮ್ಮ ಮಕ್ಕಳು ಇಂಥವನ್ನು ನೋಡಬೇಕೋ ಬೇಡವೋ ಎಂದು ತಾಯಂದಿರು ಆಗಾಗ ಕೇಳುವುದುಂಟು. ರಕ್ತಕ್ಕಿಂತ ನನ್ನನ್ನು ಕಾಡುವುದು ಆ ಚಿತ್ರಗಳ ಊರು: ಅಲ್ಲಿ ಶಾಲೆಯಿಲ್ಲ, ಪಡಿತರ ಅಂಗಡಿಯಿಲ್ಲ, ಪಾಳಿ ಮುಗಿಸಿ ಮನೆಗೆ ಬರುವ ತಂದೆಯಿಲ್ಲ.

ಪ್ರೇಮ್ ನಿರ್ದೇಶನದ 'ಜೋಗಿ' (2005) ಕೂಡ ಮಚ್ಚಿನ ಚಿತ್ರವೇ. ಅದರಲ್ಲಿ ಅತಿಯಾದ ಭಾವುಕತೆ ಇದೆ, ಬೇಡದ ಹೊಡೆದಾಟಗಳಿವೆ. ಆದರೂ ಆ ಚಿತ್ರದ ಅಂತ್ಯಕ್ಕೆ ತಲೆಬಾಗಲೇಬೇಕು. ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಬಂದ ತಾಯಿ, ಅದೇ ಊರಿನಲ್ಲಿದ್ದ ಮಗನನ್ನು ಕಾಣದೆಯೇ ಸಾಯುತ್ತಾಳೆ. ಅನಾಥ ಶವದ ಮೆರವಣಿಗೆ ಹೋಗುತ್ತಿದ್ದಾಗ ಎದುರಾದ ಮಗ, ಅದು ಯಾರ ಹೆಣವೆಂದು ತಿಳಿಯದೆ ಅದರ ಮುಂದೆ ಕುಣಿಯುತ್ತಾನೆ. ಅರುಂಧತಿ ನಾಗ್ ಅವರ ಆ ತಾಯಿ ಕರ್ನಾಟಕದ ಲಕ್ಷಾಂತರ ಮಂದಿಯನ್ನು ಅಳಿಸಿದ್ದು ಸುಮ್ಮನೆ ಅಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ ಎಂಬ ಒಂದೇ ಸುದ್ದಿಯ ಮೇಲೆ ಬದುಕುವ ತಾಯಂದಿರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ.

ಮುಂದಿನ ಪೀಳಿಗೆಯವರು ಇದೇ ಎಳೆಯನ್ನು ಸಂಯಮದಿಂದ ಹಿಡಿದರು. ಪವನ್ ಕುಮಾರರ 'ಯು-ಟರ್ನ್' (2016) ಡಬಲ್ ರೋಡ್ ಮೇಲ್ಸೇತುವೆಯ ಕತೆ. ಅರ್ಧ ನಿಮಿಷ ಉಳಿಸಲೆಂದು ಬೈಕಿನವರು ರಸ್ತೆ ವಿಭಜಕದ ಕಲ್ಲನ್ನು ಸರಿಸಿ ತಿರುಗಿಕೊಳ್ಳುತ್ತಾರೆ, ಕಲ್ಲನ್ನು ರಸ್ತೆಯಲ್ಲೇ ಬಿಡುತ್ತಾರೆ. ಹಿಂದೆ ಬಂದವರು ಅದಕ್ಕೆ ಬಡಿದು ಸಾಯುತ್ತಾರೆ. ಕಾಲುದಾರಿಯ ನಿರಾಶ್ರಿತನೊಬ್ಬ ಆ ವಾಹನಗಳ ಸಂಖ್ಯೆಗಳನ್ನು ಬರೆದಿಡುತ್ತಾನೆ. 'ಆಕ್ಸಿಡೆಂಟ್' ಚಿತ್ರದಲ್ಲಿ ಕಾರಿನಡಿ ಬಿದ್ದವನು ಇಲ್ಲಿ ಸಾಕ್ಷಿಯಾಗಿ ಎದ್ದು ಕೂತಿದ್ದಾನೆ. ದೆವ್ವದ ಭಾಗ ನನಗೆ ಅಷ್ಟಾಗಿ ರುಚಿಸಲಿಲ್ಲ. ಕಲ್ಲು ಸರಿಸುವ ಆ ಸಣ್ಣ ಕೆಲಸವೇ ಸಾಕಷ್ಟು ಭಯಂಕರವಾಗಿದೆ.

ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ತನ್ನ ಹೆಸರನ್ನೇ ಕಾಣೆಯಾದವರ ಪ್ರಕಟಣೆಯಿಂದ ಪಡೆದಿದೆ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಮಗನ ಅಜಾಗರೂಕತೆಯಿಂದ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ. ಹುಡುಕುತ್ತಾ ಹೊರಟ ಮಗನಿಗೆ ತಂದೆ ಎಂಥವರಾಗಿದ್ದರೆಂಬುದು ಪರರ ಬಾಯಿಂದ ತಿಳಿಯುತ್ತಾ ಹೋಗುತ್ತದೆ. ಅನಂತ್ ನಾಗ್ ಇಲ್ಲಿ ನಟಿಸಿದ್ದಾರೆಂದು ಹೇಳುವುದೇ ತಪ್ಪು. ಅವರು ಸುಮ್ಮನೆ ಇದ್ದಾರೆ. ಅದೇ ನಿರ್ದೇಶಕರ 'ಕವಲುದಾರಿ' (2019) ಚಿತ್ರದಲ್ಲಿ ಮೆಟ್ರೋ ಕಾಮಗಾರಿಗೆ ಅಗೆಯುವಾಗ ಮನುಷ್ಯರ ಮೂಳೆಗಳು ಸಿಗುತ್ತವೆ. ಅವು ಯಾರವೆಂದು ಕಂಡುಹಿಡಿಯುವುದೇ ಕತೆ. ಪೃಥ್ವಿ ಕೊಣನೂರರ 'ಪಿಂಕಿ ಎಲ್ಲಿ?' (2020) ಚಿತ್ರದಲ್ಲಿ ಮಗು ಕಾಣೆಯಾಗುತ್ತದೆ. ತಂದೆ, ತಾಯಿ, ಮಗು, ಮೂಳೆ: ನಮ್ಮ ನಿರ್ದೇಶಕರ ಬೆಂಗಳೂರಿನಲ್ಲಿ ಯಾರಾದರೊಬ್ಬರು ಸದಾ ಕಾಣೆಯಾಗಿರುತ್ತಾರೆ!

ಹೊರಗಿನವರು ಈ ಊರನ್ನು ಕಂಡದ್ದು ಬೇರೆಯೇ ರೀತಿ. ಅಂಜಲಿ ಮೆನನ್ ಅವರ ಮಲಯಾಳಂ ಚಿತ್ರ 'ಬ್ಯಾಂಗಲೂರ್ ಡೇಸ್' (2014) ಗೆ ಬೆಂಗಳೂರು ಎಂದರೆ ಬಿಡುಗಡೆ; 'ಆವೇಶಂ' (2024) ಗೆ ಅದು ಹಾಸ್ಟೆಲ್ ಹುಡುಗರು ರೌಡಿಯ ಸ್ನೇಹಕ್ಕೆ ಬೀಳುವ ತಮಾಷೆಯ ಕಾಡು. ಎರಡೂ ರಂಜಿಸುತ್ತವೆ. ಎರಡರಲ್ಲಿಯೂ ಊರಿನವರು ಹಿನ್ನೆಲೆಯಲ್ಲಿ ಓಡಾಡುತ್ತಾರೆ.

ಹಾಗಾದರೆ ಉಳಿದಿರುವುದೇನು? ಕಳೆದುಹೋಗುವವರನ್ನು ಇಷ್ಟು ಚೆನ್ನಾಗಿ ಕಂಡ ಕಣ್ಣು, ನೆಲೆಸಿದವರನ್ನೂ ಒಮ್ಮೆ ಕಾಣಬೇಕು. ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುವಿಗೆ ಈ ಭಾಗದ ಮನೆಗಳ ಒಳಕೋಣೆಗಳ ಪರಿಚಯವಿರುತ್ತದೆ. ಕೆಂಪು ಆಕ್ಸೈಡಿನ ನೆಲ, ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಮೆಲ್ಬರ್ನಿನಲ್ಲೋ ಟೊರಾಂಟೊದಲ್ಲೋ ಇರುವ ಮೊಮ್ಮಕ್ಕಳ ಚಿತ್ರಗಳು. ರೈಲ್ವೆಯಲ್ಲೋ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದ ಅಪ್ಪ, ಮಂಡಿ ನೋವಿನ ಅಮ್ಮ. ವಾರಕ್ಕೊಮ್ಮೆ ಬಾಗಿಲು ತಟ್ಟುವ ಬಿಲ್ಡರ್ ಕಡೆಯವನು. ಪಕ್ಕದ ಎರಡು ಬಂಗಲೆಗಳು ಈಗಾಗಲೇ ಅಪಾರ್ಟ್‌ಮೆಂಟುಗಳಾಗಿವೆ. ಹಿತ್ತಲಿನ ಔಟ್‌ಹೌಸಿನಲ್ಲಿ ಬಾಡಿಗೆಗಿರುವ ಜಾರ್ಖಂಡಿನ ನರ್ಸ್ ಹುಡುಗಿ ಅಮ್ಮನಿಗೆ ಮಾತ್ರೆ ಕೊಡುತ್ತಾಳೆ; ಇಬ್ಬರ ನಡುವೆ ಒಂದು ಸಮಾನ ಭಾಷೆಯಿಲ್ಲ, ಆದರೂ ಮಾತು ನಿಲ್ಲುವುದಿಲ್ಲ. ಮನೆ ಮಾರಬೇಕೇ, ಬೇಡವೇ? ಮಾರಿದರೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ಒಂದು ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನ ಕತೆ ಬೇಕೆಂದು ನನಗೆ ಅನಿಸದು.

2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಬೆಂಗಳೂರು ಬಿಟ್ಟು ಹೊರಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಲಿ೦ಗರಾಜಪುರ, ಕಮ್ಮನಹಳ್ಳಿ, ಕಾಕ್ಸ್ ಟೌನ್‌ಗಳ ಬಾಡಿಗೆ ಮನೆಗಳಿಗೆ ಬೀಗ ಬಿದ್ದ ಆ ವಾರವನ್ನು ಇಲ್ಲಿಯವರು ಮರೆತಿಲ್ಲ. ಮೆಜೆಸ್ಟಿಕ್ಕಿಗೆ ಬಂದಿಳಿಯುವವನನ್ನು ನೂರು ಸಲ ತೋರಿಸಿದ ನಮ್ಮ ಚಿತ್ರರಂಗ, ಅದರ ಎದುರಿನ ರೈಲು ನಿಲ್ದಾಣದಿಂದ ಕಣ್ಣೀರಿಟ್ಟು ಹೊರಟವರತ್ತ ಕ್ಯಾಮೆರಾ ತಿರುಗಿಸಿದ್ದನ್ನು ನಾನು ಕಂಡಿಲ್ಲ.

ಕ್ರೈಸ್ತರನ್ನು ತೆರೆಯ ಮೇಲೆ ಹೊಗಳಿರೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಚಲನಚಿತ್ರ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಚಿತ್ರಗಳ ಪಟ್ಟಿಯಲ್ಲಿ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' (1948) ಇದೆ. ಕಳುವಾದ ಸೈಕಲ್ಲನ್ನು ಹುಡುಕುತ್ತಾ ರೋಮಿನ ಬೀದಿಗಳಲ್ಲಿ ಅಲೆಯುವ ತಂದೆ ಮಗ ಒಂದು ದೇವಾಲಯವನ್ನೂ ಹೊಗುತ್ತಾರೆ. ಅಲ್ಲಿ ಬಡವರಿಗೆ ಕ್ಷೌರ ಮಾಡಿಸಿ, ಪೂಜೆಗೆ ಕೂರಿಸಿ, ಬಳಿಕ ಊಟ ಹಾಕುವ ಉಳ್ಳವರ ದಾನಧರ್ಮ ನಡೆದಿರುತ್ತದೆ; ಆ ತಂದೆಯ ಕಷ್ಟವನ್ನು ಕೇಳಲು ಮಾತ್ರ ಯಾರಿಗೂ ಪುರಸೊತ್ತಿಲ್ಲ. ನಮಗೆ ಹಿತವಾದ ದೃಶ್ಯವಲ್ಲ ಅದು. ಆದರೂ ಪಟ್ಟಿಯಲ್ಲಿ ಆ ಚಿತ್ರವಿದೆ. ಅಷ್ಟು ಹತ್ತಿರದಿಂದ ನೋಡಿದವನು ಟೀಕಿಸಿದರೂ ಸಹಿಸಬಹುದು. ದೂರದಿಂದ ಶಿಲುಬೆಯೊಂದನ್ನು ಕಂಡು ಬಾರಿನ ದೃಶ್ಯ ಬರೆಯುವವನನ್ನು ಸಹಿಸುವುದು ಕಷ್ಟ.

ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಮುಚ್ಚಿತು; ಈ ಭಾಗದ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಹೋಗಿವೆ. ಈಗ ನಮ್ಮ ಧರ್ಮಕೇಂದ್ರಗಳ ಯುವಜನರು ತಮ್ಮ ಮೊಬೈಲಿನಲ್ಲೇ ಕಿರುಚಿತ್ರಗಳನ್ನು ತೆಗೆಯುತ್ತಾರೆ. ಅವರಿಗೆ ನನ್ನದೊಂದು ಬಿನ್ನಹ. ಮೊದಲ ದೃಶ್ಯಕ್ಕೆ ವಿಧಾನಸೌಧ ಬೇಡ, ಮೇಲಿನಿಂದ ತೆಗೆದ ಫ್ಲೈಓವರ್ ಬೇಡ. ಕ್ರಿಸ್ಮಸ್ಸಿಗೆ ಹತ್ತು ದಿನ ಮುಂಚೆ ಕುಲ್‌ಕುಲ್ ಸುತ್ತಲು ಮನೆಮಂದಿಯೆಲ್ಲ ಅಡುಗೆಮನೆಯ ನೆಲದ ಮೇಲೆ ಕೂತಾಗ ಫೋನನ್ನು ಡಬ್ಬದ ಮೇಲೆ ಆನಿಸಿ ಇಡಿ. ಬೀದಿಯ ಹಳೆಯ ಮನೆಗಳಲ್ಲಿ ಯಾರು ಯಾರಿದ್ದರೆಂದು ಅಜ್ಜಿಯನ್ನು ಕೇಳಿ, ಹೆಸರು ಹೇಳಲು ಬಿಡಿ. ತಮಿಳು, ಇಂಗ್ಲಿಷ್, ಕನ್ನಡ ಒಂದೇ ವಾಕ್ಯದಲ್ಲಿ ಬರುತ್ತವೆ. ಡಬ್ಬಿಂಗ್ ಮಾಡಿಸದೆ ಹಾಗೆಯೇ ಇಟ್ಟುಕೊಳ್ಳಿ.